ಎರಡು ಸೆಂಟಿಮೀಟರ್ ಮೇಲಿನದ್ದು

ನಮ್ಮ ಕಲ್ಲುಗಣಿಯಲ್ಲಿ ಎರಡು ಥರದ ಜನರಿದ್ದರು. ಗುಂಡಿಗೆ ಇಳಿದು ದುಡಿಯುವವರು, ಮತ್ತು ಗುಂಡಿಯ ಅಂಚಿನಲ್ಲಿ ನಿಂತು ಇಳಿದವರ ಯೋಗಕ್ಷೇಮ ನೋಡಿಕೊಳ್ಳುತ್ತೇವೆ ಎಂದು ಸಂಬಳ ಎಣಿಸುವವರು. ನಾನೂ ಚುಕ್ಕಿಯೂ ಎರಡನೆಯ ಗುಂಪಿನವರು. ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಮಾತ್ರ ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ನನ್ನ ಕೆಲಸಕ್ಕೆ ಬುದ್ಧಿ ಬೇಡ, ಹೆಗಲು ಸಾಕು. ದಿನಾ ಬೆಳಿಗ್ಗೆ ಲೈಡಾರ್ ಯಂತ್ರವನ್ನು ಅದರ ಮೂರು ಕಾಲಿನ ಸ್ಟ್ಯಾಂಡ್ ಸಮೇತ ಹೊತ್ತು, ದೊಡ್ಡ ಗೋಡೆಯ ಎದುರಿನ ಅಂಚಿಗೆ ಒಯ್ದು, ಮಟ್ಟ ನೋಡಿ ನಿಲ್ಲಿಸಿ, ಬಟನ್ ಒತ್ತುವುದು. ಯಂತ್ರ ತಲೆ ತಿರುಗಿಸುತ್ತ ಎದುರಿನ ಕಲ್ಲಿನ ಮೇಲೆಲ್ಲ ಬೆಳಕು ಎರಚುತ್ತದೆ. ಬೆಳಕು ಹೋಗಿ, ಬಡಿದು, ವಾಪಸು ಬರಲು ಹಿಡಿದ ಹೊತ್ತಿನಿಂದ ಆ ಜಾಗ ಎಷ್ಟು ದೂರವಿದೆ ಎಂದು ಲೆಕ್ಕ ಹಾಕುತ್ತದೆ. ಬಡಿದ ಒಂದೊಂದು ಜಾಗವೂ ಒಂದು ಚುಕ್ಕಿ. ಕೋಟಿಗಟ್ಟಲೆ ಚುಕ್ಕಿ ಸೇರಿದರೆ ಇಡೀ ಗೋಡೆ. ಇದನ್ನು ಹೊತ್ತು ಹೊತ್ತು ನನಗೆ ಬಿದ್ದ ಹೆಸರು ಮೂರುಕಾಲಣ್ಣ. ಆ ಚುಕ್ಕಿಗಳನ್ನು ಕಂಪ್ಯೂಟರಿನಲ್ಲಿ ಸೋಸುವವಳನ್ನು ಎಲ್ಲರೂ ಚುಕ್ಕಿ ಎಂದೇ ಕರೆಯುತ್ತಿದ್ದರು.

ಚುಕ್ಕಿಯ ತಮ್ಮ ಗುಂಡಿಯ ತಳದಲ್ಲಿ, ಆ ದೊಡ್ಡ ಗೋಡೆಯ ಬುಡದಲ್ಲೇ, ಕಲ್ಲು ಬಗೆದು ತುಂಬುವ ಹಿಟಾಚಿ ಓಡಿಸುತ್ತಿದ್ದ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ್ದರಿಂದ ಅವನನ್ನು ಎತ್ತಿ ಆಡಿಸಿದವಳು, ಹೊಡೆದು ಓದಿಸಲು ನೋಡಿದವಳು, ಓದು ತಲೆಗೆ ಹತ್ತದೆ ಹೋದಾಗ ಮ್ಯಾನೇಜರ ಕೈಕಾಲು ಹಿಡಿದು ಇಲ್ಲಿ ಕೆಲಸಕ್ಕೆ ಹಚ್ಚಿದವಳು, ಕಡೆಗೆ ಹುಡುಗಿ ಹುಡುಕಿ ಮದುವೆ ಮಾಡಿಸಿದವಳು, ಎಲ್ಲ ಇವಳೇ. ಅವನೋ ಮಹಾ ಬಾಯಿಬಡುಕ. "ನಮ್ಮಕ್ಕ ಮೇಲೆ ಕೂತು ಕಣ್ಣು ಬಿಟ್ಟಿದ್ರೆ ನಾನು ಕೆಳಗೆ ಕಣ್ಣು ಮುಚ್ಚಿ ಗಾಡಿ ಓಡಿಸ್ತೀನಿ" ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದ. ಅವಳು ಬೈಯುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ನಾವಿಬ್ಬರೂ ಕೂರುತ್ತಿದ್ದದ್ದು ಅಂಚಿನಲ್ಲಿ ಇಟ್ಟಿದ್ದ ಒಂದು ಕಂಟೇನರಿನಲ್ಲಿ. ತಗಡಿನ ಕೋಣೆ, ಬಿಸಿಲೇರಿದರೆ ಕಾದ ಬಾಣಲೆ. ಒಂದು ಕಿಟಕಿ, ಅದರೆದುರು ಗೋಡೆ. ಮೂಲೆಯಲ್ಲಿ ಚಾರ್ಜಿಗೆ ಹಾಕಿದ ವಾಕಿಟಾಕಿ ದಿನವಿಡೀ ಗೊರಗೊರ ಅನ್ನುತ್ತಿತ್ತು. ಬಣ್ಣಬಣ್ಣದ ಚಿತ್ರ ತೋರಿಸುವ ಸಾಫ್ಟ್‌ವೇರ್ ಕಂಡರೆ ಚುಕ್ಕಿಗೆ ಆಗದು. ಕಪ್ಪು ಪರದೆ ತೆರೆದು, ಒಂದು ಸಾಲಿನ ಕಮಾಂಡ್ ಬರೆದು, ಎಂಟರ್ ಒತ್ತಿ ಕೈಕಟ್ಟಿ ಕೂರುವುದು ಅವಳ ರೀತಿ. "ಮೌಸ್ ಹಿಡ್ಕೊಂಡು ಚಿತ್ರ ತಿರುಗಿಸ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ ಅಣ್ಣಾ. ಒಂದು ಸಾಲು ಬರೆದ್ರೆ ಟೀ ಬರೋದ್ರೊಳಗೆ ಮುಗಿಯುತ್ತೆ" ಎನ್ನುತ್ತಿದ್ದಳು.

ಅವಳ ಮೊದಲ ಕೆಲಸ ದೂರ ನೋಡಿ ಸೋಸುವುದು. ಯಂತ್ರಕ್ಕೆ ಬೇಕಾದ್ದು ಬೇಡವಾದ್ದು ಗೊತ್ತಿಲ್ಲ. ಮುಂದಿನ ಕಬ್ಬಿಣದ ಬೇಲಿ, ಗಾಳಿಯ ಧೂಳು, ಹಾರುವ ಕಾಗೆ, ಅಡ್ಡ ಬಂದ ನನ್ನ ಹೆಲ್ಮೆಟ್ಟು, ಗೋಡೆಯಾಚೆಯ ಗುಡ್ಡ, ಎಲ್ಲವನ್ನೂ ತುಂಬಿಕೊಂಡು ಬರುತ್ತದೆ. "ಮೂವತ್ತು ಮೀಟರ್ ಒಳಗಿನದು ತೆಗಿ, ಮುನ್ನೂರರ ಆಚೇದು ತೆಗಿ" ಎಂದು ಗೊಣಗಿಕೊಳ್ಳುತ್ತಲೇ ಬೆರಳು ಓಡಿಸುತ್ತಿದ್ದಳು. ಬೇಲಿ, ಧೂಳು, ಕಾಗೆ, ನಾನು ಎಲ್ಲ ಒಂದೇಟಿಗೆ ಮಾಯ. "ನೋಡಿ, ನಿಮ್ಮನ್ನ ತೆಗೆದುಬಿಟ್ಟೆ" ಎಂದು ನಗುತ್ತಿದ್ದಳು. ಆ ಕೋಣೆಯಲ್ಲಿ ತೆಗಿ ಎಂದರೆ ಬಿಸಾಕು ಎಂದೇ ಅರ್ಥ. ನಾವು ಹಾಗೇ ಮಾತಾಡಿಕೊಂಡು ವರ್ಷಗಳೇ ಕಳೆದಿದ್ದವು.

ಎರಡನೆಯ ಸೋಸುವ ಕೆಲಸ ನಮ್ಮದಾಗಿರಲಿಲ್ಲ. ನಿನ್ನೆಯ ಗೋಡೆಯ ಮೇಲೆ ಇವತ್ತಿನ ಗೋಡೆಯನ್ನು ಹೊಂದಿಸಿಟ್ಟು, ಒಂದೊಂದು ಚುಕ್ಕಿಯೂ ನಿನ್ನೆಯ ಜಾಗದಿಂದ ಎಷ್ಟು ದೂರ ಬಂದಿದೆ ಎಂದು ಅಳೆಯುವುದು. ಬಂಡೆ ಬೀಳುವ ಮೊದಲು ಜರುಗುತ್ತದೆ. ಎರಡು ಸೆಂಟಿಮೀಟರ್ ದಾಟಿ ಜರುಗಿದರೆ ಕೆಳಗಿನವರೆಲ್ಲ ಮೇಲೆ ಬರಬೇಕು, ಅದು ಗಣಿಯ ನಿಯಮ. ಇದನ್ನು ಮ್ಯಾನೇಜರು ಮುಖ್ಯ ಆಫೀಸಿನಲ್ಲಿ ಕೂತು ತಮ್ಮ ದೊಡ್ಡ ಕಂಪ್ಯೂಟರಿನಲ್ಲಿ ತಾವೇ ಮಾಡುತ್ತಿದ್ದರು. ಒಂದು ದಿನ ಆ ಕಂಪ್ಯೂಟರ್ ಕೈಕೊಟ್ಟಿತು.

ಫೋನು ಬಂದಾಗ ಚುಕ್ಕಿಯ ಕೈ ಕೀಬೋರ್ಡಿನ ಮೇಲಿತ್ತು. ಸ್ಪೀಕರಿಗೆ ಹಾಕಿದಳು.

"ನನ್ನ ಸಿಸ್ಟಮ್ ರಿಪೇರಿಗೆ ಹೋಗಿದೆ ಕಣಮ್ಮ," ಎಂದರು ಮ್ಯಾನೇಜರು. "ಅದು ಬರೋವರೆಗೂ ನೀನೇ ಹೋಲಿಸು. ನಿನ್ನೇದು ಇವತ್ತಿಂದು ಇಟ್ಟು ನೋಡಿ, ಎರಡು ಸೆಂಟಿಮೀಟರ್ ಮೇಲಿನದ್ದೆಲ್ಲ ತೆಗೆದು ಕಳಿಸು."

"ಸೆಂಟಿಮೀಟರಾ ಸರ್, ಮೀಟರಾ?"

"ಸೆಂಟಿಮೀಟರ್. ಎರಡು."

"ಪೂರ್ತಿ ಫೈಲೂ ಕಳಿಸ್ಲಾ ಸರ್?"

"ಕಳಿಸು, ಇರಲಿ."

ಚುಕ್ಕಿ ಒಂದು ಸಾಲು ಬರೆದಳು. ದೂರ ಎರಡು ಸೆಂಟಿಮೀಟರಿಗಿಂತ ಕಡಿಮೆ ಇರುವ ಚುಕ್ಕಿ ಉಳಿಯಲಿ, ಮಿಕ್ಕದ್ದು ಹೋಗಲಿ. ನಾನು ಪಕ್ಕದಲ್ಲಿ ಟೀ ಹೀರುತ್ತಿದ್ದೆ. "ಜರುಗಿದ್ದನ್ನ ಬಿಸಾಕಿ ಕಳಿಸಿದ್ರೆ ಅವರಿಗೇನು ಉಪಯೋಗ?" ಎಂದು ಕೇಳಿದೆ. "ಹೊಸ ರಸ್ತೆಯ ನಕ್ಷೆ ಬರೀತಿದಾರಲ್ಲ, ಅದಕ್ಕೆ ಗಟ್ಟಿ ಗೋಡೆ ಮಾತ್ರ ಬೇಕೇನೋ. ಪೂರ್ತಿ ಫೈಲೂ ಹೋಗುತ್ತಲ್ಲ ಅಣ್ಣಾ, ಜರುಗಿದ್ದನ್ನ ಅದರಲ್ಲಿ ನೋಡ್ಕೊಳ್ತಾರೆ" ಎಂದಳು. ನನಗೂ ಸರಿಯೆನಿಸಿತು. ಪೂರ್ತಿ ಫೈಲನ್ನು ತೆರೆಯುವ ಕಂಪ್ಯೂಟರೇ ರಿಪೇರಿಗೆ ಹೋಗಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಾಗೆ ಆ ವಾರ ದಿನಾ ಒಂದು ಸೋಸಿದ ಗೋಡೆ ಹೋಯಿತು. ಮ್ಯಾನೇಜರು ಅದನ್ನು ಫೋನಿನಲ್ಲಿ ತೆರೆದು ನೋಡುತ್ತಿದ್ದರು. ಜರುಗಿದ್ದು ಕೆಂಪು, ನಿಂತದ್ದು ಹಸಿರು. ಎಲ್ಲೂ ಕೆಂಪಿಲ್ಲ, ಎಲ್ಲ ಹಸಿರು. ಒಂದು ಕಡೆ ಮಾತ್ರ ಉಗುರಿನಗಲದ ಕಪ್ಪು ತೂತು. ಗೋಡೆಯ ಚಿತ್ರದಲ್ಲಿ ತೂತು ಇರುವುದು ಹೊಸದಲ್ಲ. ಒದ್ದೆ ಕಲ್ಲು ಬೆಳಕನ್ನು ನುಂಗಿಕೊಳ್ಳುತ್ತದೆ, ಮರೆಯಲ್ಲಿರುವ ಜಾಗಕ್ಕೆ ಬೆಳಕು ಮುಟ್ಟುವುದೇ ಇಲ್ಲ, ಅಲ್ಲೆಲ್ಲ ಚುಕ್ಕಿ ಇರುವುದಿಲ್ಲ. ಆ ತೂತು ದಿನದಿನಕ್ಕೆ ಅಗಲವಾಗುತ್ತ ಹೋದದ್ದನ್ನು ನಾನೂ ನೋಡಿದೆ. "ನೀರು ಒಸರ್ತಿದೆ ಅನ್ಸುತ್ತೆ" ಎಂದೆ. ಚುಕ್ಕಿ ಕಿಟಕಿಯಿಂದ ಗೋಡೆಯನ್ನು ನೋಡಿ ತಲೆಯಾಡಿಸಿದಳು.

ಗೋಡೆ ಬಿದ್ದದ್ದು ಬೆಳಗಿನ ಟೀ ಹೊತ್ತಿಗೆ. ಕೆಳಗಿದ್ದವರು ಹೆಚ್ಚುಕಡಿಮೆ ಎಲ್ಲರೂ ಕ್ಯಾಂಟೀನಿಗೆ ಬಂದಿದ್ದರು. ಚುಕ್ಕಿಯ ತಮ್ಮ ಒಬ್ಬನೇ, ಅರ್ಧ ತುಂಬಿದ ಟಿಪ್ಪರನ್ನು ಹಾಗೇ ಬಿಡುವುದೇಕೆ ಎಂದು, ಡ್ರೈವರನ್ನು ಟೀಗೆ ಕಳಿಸಿ ತಾನು ಉಳಿದಿದ್ದ. ಮೊದಲು ಸದ್ದು ಬಂತೋ ಧೂಳು ಬಂತೋ ನನಗೆ ನೆನಪಿಲ್ಲ. ಕಂಟೇನರಿನ ನೆಲ ನಡುಗಿತು, ಟೇಬಲ್ಲಿನ ಲೋಟ ಉರುಳಿತು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯ ಕೆಳಗಿನ ಅರ್ಧ ಕುಸಿದು ರಾಶಿಯಾಗಿತ್ತು. ಮೇಲಿನ ಅರ್ಧ, ಬುಡವಿಲ್ಲದೆ, ಹೊಟ್ಟೆ ಮುಂದೆ ಮಾಡಿಕೊಂಡು ಹಾಗೇ ನಿಂತಿತ್ತು. ಹಿಟಾಚಿ ಎಲ್ಲೂ ಕಾಣಲಿಲ್ಲ.

ಚುಕ್ಕಿ ಕಿರುಚಲಿಲ್ಲ. ವಾಕಿಟಾಕಿ ಕಿತ್ತುಕೊಂಡು ಅವನನ್ನು ಕೂಗಿದಳು, ಮತ್ತೆ ಕೂಗಿದಳು. ಗೊರಗೊರ ಸದ್ದಿನ ನಡುವೆ ಕೆಮ್ಮು ಕೇಳಿಸಿತು.

"ಅಕ್ಕಾ."

ಬದುಕಿದ್ದ.

"ಎಲ್ಲಿದ್ದೀಯೋ? ಏಟಾಗಿದೆಯೇನೋ?"

"ಕ್ಯಾಬಿನ್‌ನಲ್ಲೇ ಇದೀನಿ. ಮೇಲೆಲ್ಲ ಕಲ್ಲು. ಕಾಲು ಸಿಕ್ಕಾಕ್ಕೊಂಡಿದೆ ಅಕ್ಕಾ, ಎಳ್ಕೊಳ್ಳೋಕೆ ಆಗ್ತಿಲ್ಲ. ರಕ್ತ ಬರ್ತಾನೇ ಇದೆ. ಬೇಗ ಬರೋಕೆ ಹೇಳು."

ರಕ್ಷಣಾ ತಂಡ ತಡ ಮಾಡಲಿಲ್ಲ, ಅದನ್ನು ಒಪ್ಪಬೇಕು. ಅದರ ನಾಯಕ ಕಡ್ಡಿಯಂಥ ಮನುಷ್ಯ, ಕೊರಳಲ್ಲಿ ಸೀಟಿ. ಗುಂಡಿಯನ್ನು ಒಂದು ಸಲ ಇಣುಕಿ ನೋಡಿ ನೇರ ನಮ್ಮ ಕೋಣೆಗೆ ಬಂದ. ಅವನ ಬೆನ್ನಿಗೇ ಮ್ಯಾನೇಜರು ಏದುಸಿರು ಬಿಡುತ್ತ ಬಂದರು.

"ಆ ಮೇಲಿನ ಬಂಡೆ ನಿಲ್ಲುತ್ತಾ ಇಲ್ವಾ, ನನಗೆ ಅದೊಂದು ಗೊತ್ತಾಗಬೇಕು," ಎಂದ ನಾಯಕ. "ಹೋದ ವಾರದಿಂದ ಎಷ್ಟು ಜರುಗಿದೆ?"

"ಏನೂ ಜರುಗಿಲ್ಲ," ಎಂದರು ಮ್ಯಾನೇಜರು. "ದಿನಾ ನೋಡಿದೀನಿ. ಎಲ್ಲ ಹಸಿರು. ಇವಳೇ ಕಳಿಸ್ತಿದ್ಲು."

ಚುಕ್ಕಿ ಅವರ ಮುಖ ನೋಡಿದಳು. "ಹಸಿರೇ ಇರುತ್ತೆ ಸರ್. ಜರುಗಿದ್ದನ್ನ ತೆಗೆದು ಕಳಿಸಿದೀನಲ್ಲ."

"ಎಲ್ಲಿ ಕಳಿಸಿದೀಯ? ಜರುಗಿದ್ದನ್ನ ತೆಗೆದು ಕಳಿಸು ಅಂತ ತಾನೇ ನಾನೂ ಹೇಳಿದ್ದು! ಒಂದು ದಿನವೂ ಬರ್ಲಿಲ್ಲ, ಏನೂ ಜರುಗಿಲ್ಲ ಅಂದ್ಕೊಂಡೆ!"

"ತೆಗೆದೇ ಕಳಿಸಿದೀನಿ ಸರ್..."

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮ್ಯಾನೇಜರು ಹೇಳಿದ್ದು, ಜರುಗಿದ ಚುಕ್ಕಿಗಳನ್ನು ಆರಿಸಿ ತೆಗೆದು ನನಗೆ ಕಳಿಸು ಎಂದು. ಇವಳು ಕೇಳಿಸಿಕೊಂಡದ್ದು, ಅವನ್ನು ತೆಗೆದುಹಾಕಿ ಉಳಿದದ್ದನ್ನು ಕಳಿಸು ಎಂದು. ಹೇಳಿದವರೂ ಸುಳ್ಳು ಹೇಳಿರಲಿಲ್ಲ, ಕೇಳಿದವಳೂ ತಪ್ಪು ಕೇಳಿಸಿಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು. ಹಲ್ಲು ತೆಗಿ ಎನ್ನುತ್ತೇವೆ, ಬಾಗಿಲು ತೆಗಿ ಎನ್ನುತ್ತೇವೆ, ಫೋಟೋ ತೆಗಿ ಎನ್ನುತ್ತೇವೆ, ಯಾವತ್ತೂ ಯಾರೂ ಎಡವಿರಲಿಲ್ಲ.

ಚುಕ್ಕಿ ಕಪ್ಪು ಪರದೆಗೆ ತಿರುಗಿದಳು. ಹಳೆಯ ಸಾಲನ್ನು ಮೇಲಕ್ಕೆ ತಂದು, ಕಡಿಮೆ ಎಂಬ ಚಿಹ್ನೆ ಅಳಿಸಿ ಹೆಚ್ಚು ಎಂಬ ಚಿಹ್ನೆ ಹಾಕಿದಳು. ಅಷ್ಟೇ ಬದಲಾವಣೆ. ನಿನ್ನೆಯ ಫೈಲಿನಿಂದ ಒಂದು ದೊಡ್ಡ ಚುಕ್ಕಿಗಳ ಗುಂಪು ಎದ್ದು ಬಂತು. ನಾನು ನೀರು ಒಸರ್ತಿದೆ ಎಂದಿದ್ದ ತೂತಿನ ಅಂಚಿಗೆ ಅದರ ಅಂಚು ಸರಿಯಾಗಿ ಹೊಂದುತ್ತಿತ್ತು. ಬೆಳಿಗ್ಗೆ ಕುಸಿದ ಜಾಗ ಅದೇ. ಮ್ಯಾನೇಜರು ಟೇಬಲ್ಲಿಗೆ ಕೈಯೂರಿ ನಿಂತರು. ಅವರ ಕಣ್ಣಲ್ಲಿ ನೀರು ಬಂತು, ಅದು ನಾಟಕವಲ್ಲ. ನನಗೆ ಅವರನ್ನು ಬೈಯಬೇಕು ಅನಿಸಿತು, ಬೈಯಲು ಒಂದು ಮಾತೂ ಸಿಗಲಿಲ್ಲ.

"ಆಮೇಲೆ ಅಳಿ," ಎಂದ ನಾಯಕ. "ನನ್ನವರು ಎಂಟು ಜನ ಆ ಬಂಡೆ ಕೆಳಗೆ ಇಳೀತಾರೆ. ನೀವು ಬಿಡದೆ ಅಳೀತಾ ಇರಬೇಕು. ಎರಡು ಸೆಂಟಿಮೀಟರ್ ದಾಟಿತು ಅಂದ್ರೆ ನನಗೆ ಹೇಳಿ, ಸೀಟಿ ಊದ್ತೀನಿ, ಎಲ್ಲರೂ ಮೇಲೆ ಬರ್ತಾರೆ. ಈ ಕೆಲಸ ಮಾಡೋಕೆ ಬೇರೆ ಯಾರಾದ್ರೂ ಇದಾರಾ?"

ಇರಲಿಲ್ಲ. ನನಗೆ ಯಂತ್ರ ಹೊರುವುದು ಬಿಟ್ಟರೆ ಬೇರೆ ಬಾರದು. ಮ್ಯಾನೇಜರಿಗೆ ಚಿತ್ರ ಬೇಕು, ಕಪ್ಪು ಪರದೆ ಗೊತ್ತಿಲ್ಲ. "ನಾನೇ ಮಾಡ್ತೀನಿ" ಎಂದಳು ಚುಕ್ಕಿ.

ಗೋಡೆ ಬಿದ್ದ ಮೇಲೆ ಮಾಡಿದ ಮೊದಲ ಸ್ಕ್ಯಾನಿನ ಜೊತೆ ಹೋಲಿಸಿ ಎರಡು ಸಲ ಅಳೆದಾಗ ಏನೂ ಬರಲಿಲ್ಲ. ಎಂಟು ಜನ ಕೈಯಲ್ಲೇ ಕಲ್ಲು ಎತ್ತಿ ಎತ್ತಿ ಹಾಕುತ್ತಿದ್ದರು, ಯಂತ್ರ ಬಿಟ್ಟರೆ ಮೇಲಿನದು ನಡುಗೀತೆಂಬ ಭಯ. ಮಧ್ಯಾಹ್ನದ ಹೊತ್ತಿಗೆ ಹಿಟಾಚಿಯ ಹಳದಿ ಬಣ್ಣ ಕಂಡಿತು. ಕಂಡಿತು ಎಂದು ಕೂಗಿದ್ದು ವಾಕಿಟಾಕಿಯಲ್ಲಿ ಕೇಳಿ ಚುಕ್ಕಿ ಮೊದಲ ಬಾರಿಗೆ ಅತ್ತಳು.

"ಅಕ್ಕಾ, ಸದ್ದು ಕೇಳಿಸ್ತಿದೆ," ಎಂದ ಅವನು. ದನಿ ಸಣ್ಣಗಾಗಿತ್ತು. "ಬರ್ತಿದಾರೆ, ತುಂಬಾ ನಿಧಾನಕ್ಕೆ. ನಿನ್ನ ಚುಕ್ಕಿಗಳು ಮೊದಲೇ ಹೇಳ್ಲಿಲ್ವಾ ಅಕ್ಕಾ?"

ಅವಳು ವಾಕಿಟಾಕಿಯ ಬಟನ್ ಒತ್ತಿದಳು. "ಹೇಳಿದ್ವು ಕಣೋ," ಎಂದಳು. "ನಾನೇ ಅವನ್ನ ತೆಗೆದುಬಿಟ್ಟಿದ್ದೆ. ಗೊತ್ತಾಗ್ಲಿಲ್ಲ ನಂಗೆ."

ಅವನಿಗೆ ಎಷ್ಟು ಅರ್ಥವಾಯಿತೋ. "ಬಿಡು, ಮೊದಲು ಇದರಿಂದ ಆಚೆ ಬರ್ಲಿ," ಎಂದ.

ನಾನು ಮತ್ತೆ ಯಂತ್ರ ತಿರುಗಿಸಿ ಬಂದೆ. ಈ ಸಲದ ಫೈಲು ಹಾಕಿ ಎಂಟರ್ ಒತ್ತಿದಾಗ ಪರದೆಯಲ್ಲಿ ಒಂದು ಸಂಖ್ಯೆ ಬಂತು. ಸಾವಿರವೂ ಇಲ್ಲದ ಚುಕ್ಕಿಗಳು. ಕೋಟಿಯ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಎಲ್ಲ ಒಂದೇ ಕಡೆ ಇದ್ದವು, ಹೊಟ್ಟೆ ಮುಂದೆ ಮಾಡಿದ ಬಂಡೆಯ ಬಲಭಾಗದಲ್ಲಿ, ಕೆಲಸಗಾರರ ನೆತ್ತಿಯ ಮೇಲೆ. ಎರಡೂವರೆ ಸೆಂಟಿಮೀಟರ್.

ಆಗ ಬಾಗಿಲಲ್ಲಿ ನಿಂತಿದ್ದಳು ಅವಳ ತಮ್ಮನ ಹೆಂಡತಿ. ಗೇಟಿನ ಹತ್ತಿರ ಜನ ಆಡಿಕೊಳ್ಳುತ್ತಿದ್ದದ್ದೆಲ್ಲ ಅವಳ ಕಿವಿಗೂ ಬಿದ್ದಿತ್ತು. ಕೆದರಿದ ಕೂದಲು, ಕಾಲಲ್ಲಿ ಚಪ್ಪಲಿಯಿಲ್ಲ. ಪರದೆಯ ಮೇಲಿನ ಸಂಖ್ಯೆಯನ್ನೂ ಚುಕ್ಕಿಯ ಮುಖವನ್ನೂ ನೋಡಿದಳು.

"ಏನು ಅತ್ತಿಗೆ ಅದು?"

"ಜರುಗಿದೆ."

"ಎಷ್ಟು?"

ಚುಕ್ಕಿ ಬೆರಳುಗಳ ನಡುವೆ ಅಳತೆ ತೋರಿಸಿದಳು. ಒಂದು ರೂಪಾಯಿ ನಾಣ್ಯ ಹಿಡಿಸುವಷ್ಟು ಜಾಗ.

"ಇಷ್ಟಕ್ಕಾ?" ಎಂದಳು ಅವಳು. "ಇನ್ನೇನು ಕೈಗೆ ಸಿಗ್ತಾರೆ ಅಂತ ಎಲ್ಲರೂ ಅಂತಿದಾರೆ. ಈಗ ನಿಲ್ಸಿದ್ರೆ ಅವರು ಉಳೀತಾರಾ? ರಕ್ತ ಹೋಗ್ತಿದೆ ಅಂತ ನೀವೇ ಅಂದ್ರಲ್ಲ!" ಒಳಗೆ ಬಂದು ಚುಕ್ಕಿಯ ಕೈ ಹಿಡಿದಳು. "ಅವತ್ತು ಗೊತ್ತಿಲ್ದೆ ತೆಗೆದ್ರಿ. ಇವತ್ತು ಗೊತ್ತಿದ್ದು ತೆಗೀರಿ ಅತ್ತಿಗೆ. ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಸುಳ್ಳು ಹೇಳುವುದಿಲ್ಲ. ತೆಗೆದುಬಿಡಲಿ ಎಂದು ನನ್ನ ಮನಸ್ಸೂ ಹೇಳಿತು. ಆ ಎಂಟು ಜನರಲ್ಲಿ ಒಬ್ಬನ ಮುಖವೂ ನನಗೆ ಗೊತ್ತಿರಲಿಲ್ಲ; ಚುಕ್ಕಿಯ ತಮ್ಮನನ್ನು ಮೀಸೆ ಮೂಡದ ಕಾಲದಿಂದ ನೋಡಿದ್ದೆ. ಒಂದು ಚಿಹ್ನೆ ತಿರುಗಿಸಿದರೆ ಬಂಡೆ ಮತ್ತೆ ಹಸಿರಾಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ತಿಳಿಯುತ್ತಿರಲಿಲ್ಲ. ಚುಕ್ಕಿಯ ಬೆರಳು ಕೀಬೋರ್ಡಿನ ಮೇಲೆ ನಿಂತಿತು.

ಕೆಳಗೆ ಕಲ್ಲು ಎತ್ತುತ್ತಿದ್ದವರಲ್ಲೊಬ್ಬ ಏನೋ ತಮಾಷೆ ಮಾಡಿರಬೇಕು, ನಕ್ಕದ್ದು ವಾಕಿಟಾಕಿಯಲ್ಲಿ ಕೇಳಿಸಿತು. ಚುಕ್ಕಿ ನಾದಿನಿಯ ಕೈ ಬಿಡಿಸಿಕೊಂಡಳು. ವಾಕಿಟಾಕಿ ಎತ್ತಿ, "ಬಲಗಡೆ ಎರಡೂವರೆ ಸೆಂಟಿಮೀಟರ್ ಬಂದಿದೆ, ಎಲ್ಲರನ್ನೂ ಮೇಲೆ ಕರೀರಿ" ಎಂದಳು.

ಸೀಟಿ ಕೇಳಿತು. ಎಂಟು ಜನ ಕೈಯ ಕಲ್ಲು ಅಲ್ಲೇ ಎಸೆದು ಮೇಲಕ್ಕೆ ಓಡಿದರು.

ಅದೇ ವಾಕಿಟಾಕಿಯಲ್ಲಿ ಅವನಿಗೂ ಎಲ್ಲ ಕೇಳಿಸಿತ್ತು. "ಯಾಕೆ ಹೋದ್ರು?" ಎಂದ. "ಅಕ್ಕಾ, ಯಾಕೆ ಹೋದ್ರು? ಬೆಳಕು ಕಾಣಿಸ್ತಿತ್ತು ನಂಗೆ."

"ಬರ್ತಾರೆ ಕಣೋ. ಬಂಡೆ ನಿಲ್ಲಲಿ. ನಿಂತ ತಕ್ಷಣ ಬರ್ತಾರೆ."

"ಕಳಿಸಕ್ಕಾ. ನೀನು ಹೇಳಿದ್ರೆ ಬರ್ತಾರೆ. ಒಂದು ಸ್ವಲ್ಪ ಹೊತ್ತು ಸಾಕು, ಕೈ ಹಿಡಿದು ಎಳೆದ್ರೂ ಬಂದ್ಬಿಡ್ತೀನಿ."

ಅವನು ದೊಡ್ಡಸ್ತಿಕೆಯ ಮಾತಾಡಲಿಲ್ಲ. ನನ್ನ ಬಿಟ್ಟು ಅವರನ್ನು ಉಳಿಸು ಎನ್ನಲಿಲ್ಲ. ಹೆದರಿದ್ದ, ಬದುಕಬೇಕಿತ್ತು, ಅಕ್ಕನನ್ನು ಬೇಡಿಕೊಂಡ. ನಾದಿನಿ ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಯಂತ್ರದ ಹತ್ತಿರ ಓಡಿದೆ, ತಿರುಗಿಸಿದೆ, ಓಡಿ ಬಂದೆ. ಚುಕ್ಕಿ ಸೋಸಿದಳು. ಮೂರು ಸೆಂಟಿಮೀಟರ್. ಮತ್ತೆ ಓಡಿದೆ. ಮೂರರ ಮೇಲೆ. ನಾಯಕ ಬಾಗಿಲಿಗೆ ಬಂದು ಅವಳ ಮುಖ ನೋಡುತ್ತಿದ್ದ, ಅವಳು ತಲೆ ಅಲ್ಲಾಡಿಸುತ್ತಿದ್ದಳು, ಅವನು ವಾಪಸು ಹೋಗುತ್ತಿದ್ದ. ಪ್ರತಿ ಸಲ ಎಂಟರ್ ಒತ್ತುವ ಮೊದಲು ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಂಡೆಗೆ ಬೀಳುವ ಬುದ್ಧಿಯೂ ಇರಲಿಲ್ಲ, ನಿಲ್ಲುವ ಬುದ್ಧಿಯೂ ಇರಲಿಲ್ಲ.

ಅವನು ಆಗೀಗ ಮಾತಾಡಿದ. ನೀರು ಕೇಳಿದ. ಹೆಂಡತಿಯನ್ನು ಕೇಳಿದ, ಅವಳು ವಾಕಿಟಾಕಿ ಹಿಡಿದು ಏನೇನೋ ಹೇಳಿದಳು, ಮನೆಯ ನಲ್ಲಿ ಸರಿಮಾಡಿಸಿದ್ದು, ಅವನ ಅಂಗಿ ಒಗೆದು ಹಾಕಿ ಬಂದದ್ದು. ಆಮೇಲೆ ಬರೀ ಉಸಿರು ಕೇಳಿಸುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅದೂ ಇಲ್ಲ. ಬಟನ್ ಒತ್ತಲು ಕೈಗೆ ಶಕ್ತಿ ಇಲ್ಲವೇನೋ ಎಂದು ನಾನು ಹೇಳಿದೆ. ಚುಕ್ಕಿ ಕತ್ತಲಾಗುವವರೆಗೂ ಅವನನ್ನು ಕೂಗುತ್ತಲೇ ಇದ್ದಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಿನಿಂದ.

ಮರುದಿನ ಬೆಳಗ್ಗೆ, ಹಿಂದಿನ ಸಂಜೆಯ ಫೈಲಿನ ಜೊತೆ ಹೋಲಿಸಿ ಅಳೆದಾಗ ಒಂದು ಚುಕ್ಕಿಯೂ ಬರಲಿಲ್ಲ. ಬಂಡೆ ತನ್ನಷ್ಟಕ್ಕೆ ಕುಳಿತುಬಿಟ್ಟಿತ್ತು. ಎಂಟು ಜನ ಇಳಿದು, ಅರ್ಧ ದಿನವೂ ಹಿಡಿಯಲಿಲ್ಲ, ಅವನನ್ನು ಹೊರಕ್ಕೆ ತಂದರು. ಅಷ್ಟು ಹತ್ತಿರ ಹೋಗಿದ್ದರು ಅವರು. ತೊಡೆಯ ರಕ್ತನಾಳ ಹರಿದಿತ್ತು, ಹಿಂದಿನ ಸಂಜೆಯೊಳಗೆ ಕಟ್ಟಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಯಾರೂ ಕೇಳದೆಯೇ ಹೇಳಿದರು. ಇಂಥ ಮಾತು ಬಾಯೊಳಗೇ ಇಟ್ಟುಕೊಳ್ಳಲು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ ಕಾಣುತ್ತದೆ. ನಾಯಕ ಚುಕ್ಕಿಯ ಎದುರು ಹೆಲ್ಮೆಟ್ ತೆಗೆದು ನಿಂತ. "ನೀವು ಮಾಡಿದ್ದು ಸರಿ. ನಾನಾಗಿದ್ರೂ ನಿಲ್ಲಿಸ್ತಿದ್ದೆ" ಎಂದ. ಅವನ ಹಿಂದೆ ಎಂಟು ಜನ ಸಾಲಾಗಿ ನಿಂತಿದ್ದರು. ಆ ಸಾಲಿನಾಚೆ ನಾದಿನಿ ನಿಂತಿದ್ದಳು. ಅವಳು ಅವತ್ತಿನಿಂದ ಚುಕ್ಕಿಯ ಜೊತೆ ಮಾತು ಬಿಟ್ಟಳು.

ವಿಚಾರಣೆ ನಡೆಯಿತು. ಸಂವಹನದ ಕೊರತೆ ಎಂದು ಬರೆದರು. ಇನ್ನು ಮುಂದೆ ಯಾರೂ ತೆಗಿ ಎನ್ನಬಾರದು, ಇಟ್ಟುಕೋ ಇಲ್ಲವೇ ಬಿಸಾಕು ಎನ್ನಬೇಕು ಎಂದು ಮ್ಯಾನೇಜರು ನಮ್ಮ ಕೋಣೆಯಲ್ಲಿ ಒಂದು ಹಾಳೆ ಅಂಟಿಸಿದರು. ಹಾಳೆ ಸೊಟ್ಟಗೆ ಕೂತಿದೆ. ಎದುರಿನ ಬಂಡೆಯನ್ನು ಒಡೆದು ಬೀಳಿಸಬೇಕೆಂಬ ಮಾತು ಬಂತು. ಗಟ್ಟಿಯಾಗಿದೆ, ತೊಂದರೆಯಿಲ್ಲ ಎಂದು ಎಂಜಿನಿಯರುಗಳು ಬರೆದುಕೊಟ್ಟು ಹೋದರು. ಗಣಿ ಮತ್ತೆ ಶುರುವಾಯಿತು.

ಚುಕ್ಕಿ ಕೆಲಸ ಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಾಳೆ. ನಾನು ತಂದ ಫೈಲನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಅವಸರ. ಕೆಳಗಿರುವವರ ಮೇಲಿನ ಕಾಳಜಿ ಎಂದು ನಾನೂ ತಿಳಿದೆ, ಹೊಸಬರಿಗೆ ಅವಳನ್ನು ತೋರಿಸಿ ಹೊಗಳಿದ್ದೂ ಉಂಟು.

ಒಂದು ರಜೆಯ ದಿನ, ಗುಂಡಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಸ್ಕ್ಯಾನ್ ಮಾಡಿ ಅಂತ ಹಟ ಹಿಡಿದಳು. ಮಾಡಿಕೊಟ್ಟೆ. ಸಾಲು ಬರೆದು ಎಂಟರ್ ಒತ್ತಿದಳು. ಸೊನ್ನೆ ಬಂತು.

"ಏನೂ ಇಲ್ಲವಲ್ಲ, ಒಳ್ಳೇದಾಯ್ತು," ಎಂದೆ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಅದು ಬೀಳಬೇಕಿತ್ತು ಅಣ್ಣಾ," ಎಂದಳು. "ಅವರೆಲ್ಲ ಮೇಲೆ ಬಂದ ಮೇಲೆ ಬಿದ್ದುಬಿಡಬೇಕಿತ್ತು. ಇವತ್ತು ಬಿದ್ರೂ ಸಾಕು, ದಿನಾ ಅದನ್ನೇ ಕಾಯ್ತೀನಿ. ಬಿದ್ದಿದ್ರೆ ನಾನು ಅವನನ್ನ ಕೊಂದದ್ದು ಒಂದು ಸಲ ಆಗಿರ್ತಿತ್ತು, ಎರಡು ಸಲ ಅಲ್ಲ."

ನಾನು ಸ್ಟ್ಯಾಂಡಿನ ಕಾಲು ಮಡಚಿ ಗೋಡೆಗೆ ಒರಗಿಸಿದೆ. ಅವಳು ಅದೇ ಸಾಲನ್ನು ಮತ್ತೆ ಮೇಲಕ್ಕೆ ತಂದು ಇನ್ನೊಮ್ಮೆ ಎಂಟರ್ ಒತ್ತಿದಳು.